ವೆಸ್ಟರ್ನ್ ಫ್ಲೈಯರ್, ಮಾಂಟೆರೆ: ಮಕ್ಕಳನ್ನ ಕರ್ಕೊಂಡು ಹೋಗಿ ನೋಡಿ

ಬೇ ಏರಿಯಾದಲ್ಲಿರೋ ನಮ್ಮ ಕನ್ನಡದವ್ರು ಮಾಂಟೆರೆಗೆ ಹೋದ್ರೆ ಅಕ್ವೇರಿಯಂ ನೋಡ್ಕೊಂಡು ವಾಪಸ್ ಬಂದ್ಬಿಡ್ತಾರೆ, ಮುಂದಿನ್ಸಲ ದಯವಿಟ್ಟು ವೆಸ್ಟರ್ನ್ ಫ್ಲೈಯರ್ ಅನ್ನೋ ಈ ಬೋಟನ್ನೂ ನೋಡಿ. ಆದ್ರೆ ಇದು ದಡದಲ್ಲೇ ನಿಂತಿರೋ ಮ್ಯೂಸಿಯಂ ಅಲ್ಲ, ಸಮುದ್ರಕ್ಕೆ ಹೋಗಿ ಕೆಲ್ಸ ಮಾಡೋ ಬೋಟು, ಹಾಗಾಗಿ ಯಾವಾಗ ಎಲ್ಲಿರುತ್ತೆ ಅಂತ ಮೊದ್ಲೇ ವಿಚಾರಿಸ್ಕೊಂಡು ಹೊರಡಿ.

1937ರಲ್ಲಿ ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ ಕಟ್ಟಿದ ಮರದ ಬೋಟು. ಮಲ್ಪೆ ಕಡೆಯವ್ರಿಗೆ ಒಂದೇ ಮಾತಲ್ಲಿ ಹೇಳೋದಾದ್ರೆ ಪರ್ಸೀನ್ ಬೋಟ್, ಅಂದ್ರೆ ದೊಡ್ಡ ಬಲೆಯಿಂದ ಮೀನಿನ ಗುಂಪನ್ನೇ ಸುತ್ತುಹಾಕಿ ಹಿಡಿಯೋದು, ಬೂತಾಯಿ (ಸಾರ್ಡೀನ್ ಮೀನು) ಹಿಡಿಯೋಕೆ ಮಾಡಿದ್ದು. 1940ರಲ್ಲಿ ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ಕೂ ಅವ್ರ ಗೆಳೆಯ, ಜೀವವಿಜ್ಞಾನಿ ಎಡ್ ರಿಕೆಟ್ಸೂ ಇದನ್ನ ಬಾಡಿಗೆಗೆ ತಗೊಂಡು ಆರು ವಾರ ಮೆಕ್ಸಿಕೋದ ಕ್ಯಾಲಿಫೋರ್ನಿಯಾ ಕೊಲ್ಲಿ ಸುತ್ತಿ, ನೀರು ಇಳಿದಾಗ ಬಂಡೆ ಸಂದಿ ಎಲ್ಲಾ ಹುಡುಕಿ ಏಡಿ, ನಕ್ಷತ್ರಮೀನು, ಸಮುದ್ರ ಸೌತೆ ಅಂತ ನೂರಾರು ಬಗೆ ಜೀವಿ ಸಂಗ್ರಹಿಸಿದ್ರು. ಬರೀ ಹೆಸರಿನ ಪಟ್ಟಿ ಮಾಡೋದಲ್ಲ, ಯಾವ್ದು ಯಾವ್ದರ ಜೊತೆ ಹೇಗೆ ಬದುಕುತ್ತೆ ಅಂತ ನೋಡೋದು ರಿಕೆಟ್ಸ್ ರೀತಿ, ಆ ಕಾಲಕ್ಕೆ ಅದು ದೊಡ್ಡ ಮಾತು.

ಆಮೇಲೆ ಬೋಟು ಅಲಾಸ್ಕಾ ಕಡೆ ಹೋಯ್ತು, ಹೆಸ್ರು ಜೆಮಿನಿ ಅಂತಾಯ್ತು, ಕೊನೆಗೆ ವಾಷಿಂಗ್ಟನ್ ರಾಜ್ಯದಲ್ಲಿ ಮುಳುಗಿ ಕೆಸರು ತುಂಬಿ ಬಿದ್ದಿತ್ತು. ಮಾಂಟೆರೆ ಹತ್ರದ ಸಲೀನಾಸ್ ಊರಿನ ಒಂದು ಹೋಟೆಲೊಳಗೆ ಇದನ್ನ ಇಡೋ ಪ್ಲಾನೂ ಇತ್ತಂತೆ, ಆಗ್ಲಿಲ್ಲ, ಅದೇ ಪುಣ್ಯ! 2015ರಲ್ಲಿ ಜಾನ್ ಗ್ರೆಗ್ ಅನ್ನೋರು ಕೊಂಡು ಪೋರ್ಟ್ ಟೌನ್ಸೆಂಡ್‌ನ ಬೋಟ್ ಬಡಗಿಗಳ ಕೈಗೆ ಕೊಟ್ರು, 2022ರಲ್ಲಿ ಮತ್ತೆ ನೀರಿಗಿಳೀತು, 2023ರ ನವೆಂಬರಲ್ಲಿ ಮಾಂಟೆರೆಗೆ ವಾಪಸ್ ಬಂತು.

ಕೆಳಗಿನ ಮರ ಹೆಚ್ಚುಕಮ್ಮಿ ಎಲ್ಲಾ ಹೊಸದು, ಮೇಲಿನ ಕ್ಯಾಬಿನ್‌ನಲ್ಲಿ ಹಳೇದು ಸುಮಾರು ಉಳಿಸಿದ್ದಾರೆ. ಇಷ್ಟು ಬದಲಾಯಿಸಿದ್ಮೇಲೆ ಹಳೇ ಬೋಟ್ ಹೇಗಾಗುತ್ತೆ ಅಂತ ಕೇಳೋರಿದ್ದಾರೆ. ಮರದ ಬೋಟ್ ಇಟ್ಕೊಂಡಿರೋರನ್ನ ಕೇಳಿ ನೋಡಿ, ಕೊಳೆತ ಹಲಗೆ ತೆಗೆದು ಹೊಸದು ಹಾಕೋದು ಅಲ್ಲಿ ಮಾಮೂಲಿ ಕೆಲ್ಸ. ನಂಗೆ ತುಂಬಾ ಇಷ್ಟ ಆಗಿದ್ದು ಮೀನು ತುಂಬಿಸ್ತಿದ್ದ ಹೊಟ್ಟೆ ಭಾಗವನ್ನೇ ಲ್ಯಾಬ್ ಮಾಡಿರೋದು, ಜೊತೆಗೆ ಡೀಸೆಲ್ಲೂ ಕರೆಂಟೂ ಎರಡರಲ್ಲೂ ಓಡೋ ಹೈಬ್ರಿಡ್ ಇಂಜಿನ್. ಸ್ಕೂಲ್ ಮಕ್ಕಳು ಇಲ್ಲಿ ಪಾಠ ಕೇಳಿ ಸುಮ್ನಾಗಲ್ಲ, ಸಮುದ್ರದ ಮೇಲೇ ಕೈಯಾರೆ ಮಾಡಿ ಕಲೀತಾರೆ, ಹತ್ರದಲ್ಲೇ ಇದ್ರೂ ಒಂದ್ಸಲನೂ ಬೋಟ್ ಹತ್ತದ ಮಕ್ಕಳಿಗೆ ಇದು ಸಿಗ್ಬೇಕಾದ್ದೇ.

ನನ್ನ ಕಡೆಯಿಂದ 5ಕ್ಕೆ 5. ಒಳಗೆ ಜಾಗ ಇಕ್ಕಟ್ಟು, ಗ್ರಿಪ್ ಇರೋ ಶೂ ಹಾಕ್ಕೊಳ್ಳಿ, ಬೇಸಿಗೆಯಾದ್ರೂ ಜಾಕೆಟ್ ಮರೀಬೇಡಿ, ಅಲ್ಲಿ ಗಾಳಿ ತಣ್ಣಗಿರುತ್ತೆ.