ಬಿಚ್ಚಿ ಜೋಡಿಸುವ ಗೊಂಬೆಗಳು: ಗ್ಲಯೋಸ್, ಹ್ಯಾಕ್ಸ್, ತ್ರೀಡಿ ಪ್ರಿಂಟ್ ಮತ್ತು ಚನ್ನಪಟ್ಟಣದ ಮರ

ಒಂದರ ಕೈ, ಕಾಲು, ತಲೆ ಬಿಚ್ಚಿ ಇನ್ನೊಂದಕ್ಕೆ ಹಾಕಬಹುದಾದ ಆಕ್ಷನ್ ಫಿಗರ್‌ಗಳಲ್ಲಿ (ಕೈಕಾಲು ಅಲ್ಲಾಡಿಸಬಹುದಾದ ಪುಟ್ಟ ಗೊಂಬೆಗಳಲ್ಲಿ) ನಾನು ಮೊದಲು ನೋಡುವುದು ಕೀಲು. ಮುಖ ಎಷ್ಟೇ ಚೆನ್ನಾಗಿರಲಿ, ವರ್ಷವಿಡೀ ಬಿಚ್ಚಿ ಹಾಕಿದ ಮೇಲೂ ಕೈ ತನ್ನ ಜಾಗದಲ್ಲಿ ಗಟ್ಟಿಯಾಗಿ ನಿಲ್ಲಬೇಕು. ಮೈಸೂರಿನಲ್ಲಿ ಇಂಥ ಫಿಗರ್‌ಗಳನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳುವ ಅಂಗಡಿ ನನಗೆ ಸಿಕ್ಕಿಲ್ಲ. ಫೋಟೋ ನೋಡಿ ದುಡ್ಡು ಹಾಕುವವರಿಗೆ ಕೀಲಿನ ಗುಣ ಗೊತ್ತಾಗುವುದಿಲ್ಲ. ಅದಕ್ಕೇ ಮನೆಯಲ್ಲಿರುವ ನಾಲ್ಕು ಬಗೆಯನ್ನು ಅಕ್ಕಪಕ್ಕ ಇಟ್ಟು ಹೇಳುತ್ತಿದ್ದೇನೆ.

ಗ್ಲಯೋಸ್‌ನಿಂದ ಶುರು ಮಾಡುತ್ತೇನೆ. ಇದು ಅಮೆರಿಕದ ಒನೆಲ್ ಡಿಸೈನ್‌ನ ಮ್ಯಾಟ್ ಡೌಟಿ ರೂಪಿಸಿದ ಕೀಲಿನ ವ್ಯವಸ್ಥೆ. ಅವರ ಫೇಡನ್ ಎಂಬ ಪುಟ್ಟ ಗಗನಯಾತ್ರಿ ಮೂರು ಇಂಚಿನೊಳಗೇ ಇದ್ದಾನೆ. ಅವನ ಭುಜ, ಮೊಣಕೈ, ಸೊಂಟ, ಪಾದ ಎಲ್ಲ ಕಡೆಯೂ ಒಂದೇ ಅಳತೆಯ ಪೆಗ್ (ತೂತಿನೊಳಗೆ ಕೂರುವ ಸಣ್ಣ ಗೂಟ), ಒಂದೇ ಅಳತೆಯ ತೂತು. ಗೊಂಬೆಯ ಪಿವಿಸಿ ಪ್ಲಾಸ್ಟಿಕ್ ಸ್ವಲ್ಪ ಬಾಗುವುದರಿಂದ ಪೆಗ್ ಟಪ್ ಅಂತ ಒಳಗೆ ಕೂರುತ್ತದೆ. ಕೈ ಇರುವ ಕಡೆ ಕಾಲು ಹಾಕಬಹುದು. ಮೂರು ಗೊಂಬೆ ಸೇರಿಸಿದರೆ ಎಂಟು ಕಾಲಿನ ಪ್ರಾಣಿ ಆಗುತ್ತದೆ. ಇನ್ನೂ ಖುಷಿಯ ವಿಷಯ ಅಂದರೆ ಇದೇ ಕೀಲನ್ನು ಬೇರೆ ಸಣ್ಣ ಕಲಾವಿದರೂ ಬಳಸಿದ್ದಾರೆ. ಸ್ಪೈ ಮಂಕಿ ಕ್ರಿಯೇಷನ್ಸ್‌ನ ವೆಪನೀರ್ಸ್ ಆಫ್ ಮೊಂಕಾ, ಫೋರ್ ಹಾರ್ಸ್‌ಮೆನ್ ಸ್ಟುಡಿಯೋ ಮತ್ತೆ ಹೊರತಂದ ಔಟರ್ ಸ್ಪೇಸ್ ಮೆನ್, ಈ ಗೊಂಬೆಗಳೆಲ್ಲ ಫೇಡನ್‌ಗೆ ಹೊಂದುತ್ತವೆ. ಬೇರೆ ಬೇರೆ ತಯಾರಕರು ಮಾಡಿದ ಗೊಂಬೆಗಳು ಹೀಗೆ ಒಂದಾಗುವುದು ದೊಡ್ಡ ಕಂಪನಿಗಳ ಆಟಿಕೆಯಲ್ಲಿ ನನಗೆ ಕಾಣಲಿಲ್ಲ.

ಆದರೆ ಗ್ಲಯೋಸ್ ಕೀಲು ತಿರುಗುತ್ತದೆ ಅಷ್ಟೇ, ಮಡಚುವುದಿಲ್ಲ. ಫೇಡನ್‌ನನ್ನು ಮಂಡಿ ಊರಿ ಕೂರಿಸಲು ಆಗದು.

ಆ ಕೊರತೆ ಬಾಸ್ ಫೈಟ್ ಸ್ಟುಡಿಯೋದ ವಿಟ್ರೂವಿಯನ್ ಹ್ಯಾಕ್ಸ್‌ನಲ್ಲಿ ಇಲ್ಲ. 2014ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ ಹಣ ಕೂಡಿಸಿ ಶುರುವಾದ ಗೊಂಬೆ ಸರಣಿ ಇದು. ಅಳತೆ ಸುಮಾರು ನಾಲ್ಕು ಇಂಚು. ಗ್ರೀಕ್ ಪುರಾಣದ ಯೋಧರು, ಮೆಡೂಸಾ ಇವೆಲ್ಲ ಮೊದಲ ಕಂತಿನಲ್ಲೇ ಬಂದವು. ಮೊಣಕೈ, ಮಂಡಿ, ಮಣಿಕಟ್ಟು ಎಲ್ಲ ಮಡಚುತ್ತವೆ. ಈಟಿ ಎತ್ತಿದ ಯೋಧನನ್ನು ನಿಲ್ಲಿಸಿದರೆ ನಿಜಕ್ಕೂ ಎಸೆಯಲು ಹೊರಟ ಹಾಗೆ ಕಾಣುತ್ತಾನೆ. ಆದರೆ ಇಲ್ಲಿ ತಲೆಯ ಜಾಗಕ್ಕೆ ತಲೆ, ಕೈಯ ಜಾಗಕ್ಕೆ ಕೈ. ಎಂಟು ಕಾಲಿನ ಪ್ರಾಣಿ ಇದರಲ್ಲಿ ಹುಟ್ಟುವುದಿಲ್ಲ. ನಿಲುವು ಮುಖ್ಯ ಅನ್ನುವವರಿಗೆ ನಾನು ಹ್ಯಾಕ್ಸ್ ಹೇಳುತ್ತೇನೆ. ಕಟ್ಟುವ ಆಸೆ ಇದ್ದವರಿಗೆ ಗ್ಲಯೋಸ್.

ದಸರಾಕ್ಕೆ ನಮ್ಮ ಕುವೆಂಪುನಗರದ ಮನೆಯಲ್ಲಿ ಗೊಂಬೆ ಕೂರಿಸುತ್ತೇವೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ, ಕೆಳಗೆ ಪಾರ್ಕು. ಆ ಪಾರ್ಕಿನಲ್ಲಿ ನನ್ನ ಫಿಗರ್‌ಗಳಿಗೂ ಅಮ್ಮ ಜಾಗ ಕೊಡುತ್ತಾರೆ. ಗೊಂಬೆ ಬಾಗಿನಕ್ಕೆ ಬರುವ ಅಕ್ಕಪಕ್ಕದ ಮನೆ ಮಕ್ಕಳಿಗೆ ಮುಟ್ಟಬೇಡಿ ಅಂತ ನಾನು ಹೇಳುವುದಿಲ್ಲ. ಕೀಲಿಗೆ ನಿಜವಾದ ಪರೀಕ್ಷೆ ಅದೇ ಅಲ್ವಾ? ಹ್ಯಾಕ್ಸ್ ಯೋಧನನ್ನು ಮಕ್ಕಳು ನಿಲ್ಲಿಸಿ, ಕೂರಿಸಿ, ಸ್ವಲ್ಪ ಹೊತ್ತಿಗೆ ಬಿಟ್ಟರು. ಗ್ಲಯೋಸ್ ಮುಂದೆ ಮಾತ್ರ ಗಂಟೆಗಟ್ಟಲೆ ಕೂತರು. ಯಾರೂ ಹೇಳಿಕೊಡದೆಯೇ ಒಬ್ಬಳು ಜಂಬೂಸವಾರಿಯ ಆನೆ ಕಟ್ಟಿದಳು. ಸೊಂಡಿಲಿಗೆ ನಾಲ್ಕು ಮೊಣಕೈ ತುಂಡುಗಳು. ಹಬ್ಬ ಮುಗಿದ ಮೇಲೆ ಎಲ್ಲ ಕೀಲನ್ನೂ ನೋಡಿದೆ. ಒಂದೂ ಸಡಿಲವಾಗಿರಲಿಲ್ಲ.

ಇನ್ನು ತ್ರೀಡಿ ಪ್ರಿಂಟ್. ಗೊಂಬೆಯ ವಿನ್ಯಾಸದ ಕಂಪ್ಯೂಟರ್ ಫೈಲ್ ಕೊಂಡು ಇಲ್ಲೇ ಪ್ರಿಂಟ್ ಮಾಡಿಸಿದರೆ ಖರ್ಚು ತುಂಬಾ ಕಡಿಮೆ. ಬೇಕಾದ ಬಣ್ಣ, ಬೇಕಾದ ಅಳತೆ. ಕೈ ಮುರಿದರೆ ಇನ್ನೊಂದು ಕೈ ಸಂಜೆಗೆ ಸಿದ್ಧ. ಇದರಲ್ಲಿ ಎರಡು ವಿಷಯ ಗಮನಿಸಬೇಕು. ಪ್ರಿಂಟರ್ ಪ್ಲಾಸ್ಟಿಕ್ಕನ್ನು ಪದರ ಪದರವಾಗಿ ಹಾಕುತ್ತದೆ, ಪದರಗಳ ನಡುವೆಯೇ ಬಲ ಕಡಿಮೆ. ಪೆಗ್ ನೆಟ್ಟಗೆ ನಿಂತ ಹಾಗೆ ಪ್ರಿಂಟ್ ಆದರೆ ಬುಡದಲ್ಲಿ ಕಟ್ಟಂತ ಮುರಿಯುತ್ತದೆ. ಮಲಗಿಸಿ ಪ್ರಿಂಟ್ ಮಾಡಿಸಿದರೆ ಬಾಳಿಕೆ ಜಾಸ್ತಿ. ತೂತು ಪೆಗ್‌ಗಿಂತ 0.2 ಮಿ.ಮೀ. ದೊಡ್ಡದಿದ್ದರೆ ನನ್ನ ಗೊಂಬೆಗಳಲ್ಲಿ ಸರಿಹೋಯಿತು. ಇನ್ನೊಂದು ಬಿಸಿಲು. ಪಿಎಲ್‌ಎ ಎಂಬ ಸಾಮಾನ್ಯ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗುತ್ತದೆ. ಏಪ್ರಿಲ್‌ನಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಅದನ್ನು ಬಿಡಲೇಬೇಡಿ. ಪಿಇಟಿಜಿ ಎಂಬ ಇನ್ನೊಂದು ಪ್ಲಾಸ್ಟಿಕ್ ಇನ್ನೂ ಜಾಸ್ತಿ ಬಿಸಿ ತಡೆಯುತ್ತದೆ, ಸ್ವಲ್ಪ ಬಾಗುತ್ತದೆ ಕೂಡ. ಕೀಲಿಗೆ ಅದೇ ಒಳ್ಳೆಯದು. ದ್ರವವನ್ನು ಬೆಳಕಿನಿಂದ ಗಟ್ಟಿಮಾಡುವ ರೆಸಿನ್ ಪ್ರಿಂಟ್‌ನಲ್ಲಿ ಮುಖ ಬಹಳ ಚೆನ್ನಾಗಿ ಮೂಡುತ್ತದೆ, ಆದರೆ ಸಾಮಾನ್ಯ ರೆಸಿನ್ ಪೆಗ್ ಗಾಜಿನ ಹಾಗೆ ಮುರಿಯುತ್ತದೆ. ತಲೆಗೆ ರೆಸಿನ್, ಮೈಗೆ ಪಿಇಟಿಜಿ ಅಂತ ನಾನು ಬೆರೆಸುತ್ತೇನೆ.

ನಾಲ್ಕನೆಯದು ನನಗೆ ತುಂಬಾ ಹತ್ತಿರದ್ದು. ಬೆಂಗಳೂರು ದಾರಿಯ ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಲೇತಿಗೆ ಹಾಕಿ, ಅರಗಿನ ಬಣ್ಣ ಕೊಟ್ಟು ಆಟಿಕೆ ಮಾಡುತ್ತಾರೆ. ಅಲ್ಲಿನ ಒಬ್ಬ ಕುಶಲಕರ್ಮಿಗೆ ಚಿತ್ರ ಬರೆದುಕೊಟ್ಟು ತಲೆ, ಎದೆ, ಕೈಕಾಲಿನ ತುಂಡುಗಳನ್ನು ಮಾಡಿಸಿದೆ. ದುಂಡನೆಯ ಪೆಗ್, ದುಂಡನೆಯ ತೂತು ಅವರಿಗೆ ದಿನನಿತ್ಯದ ಕೆಲಸ. ಅಳತೆ ಅಷ್ಟು ಚೆನ್ನಾಗಿ ಬಂತು! ಪೆಗ್ ಮೇಲೆ ಅರಗು ಹಚ್ಚಬೇಡಿ ಅಂತ ಮೊದಲೇ ಹೇಳಬೇಕು, ಹಚ್ಚಿದರೆ ದಪ್ಪವಾಗಿ ಒಳಗೆ ಹೋಗುವುದಿಲ್ಲ. ಮಳೆಗಾಲದಲ್ಲಿ ಮರ ತೇವ ಹೀರಿ ಬಿಗಿಯಾಗುತ್ತದೆ, ಬೇಸಿಗೆಯಲ್ಲಿ ಸಡಿಲ. ಮಡಚುವ ಕೀಲು ಇದರಲ್ಲಿ ಸುಲಭವಿಲ್ಲ. ಆದರೆ ಆ ಬಣ್ಣದ ಹೊಳಪು, ಕೈಗೆ ಸಿಗುವ ತೂಕ ಉಳಿದ ಮೂರರಲ್ಲೂ ಇಲ್ಲ. ನಮ್ಮೂರಿನ ಪಕ್ಕದಲ್ಲೇ ಇಂಥ ಕೈಗಳಿವೆ. ಯಾರಾದರೂ ವಿನ್ಯಾಸಕರು ಅವರ ಜೊತೆ ಕೂತು ಒಂದು ಪೂರ್ತಿ ಗೊಂಬೆ ಸರಣಿ ತರಬೇಕು ಅನ್ನುವುದು ನನ್ನ ಆಸೆ.

ದುಡ್ಡಿನ ಮಾತು ಚಿಕ್ಕದಾಗಿ. ಆಟಿಕೆಗಳ ಮೂಲ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಜೊತೆಗೆ ಜಿಎಸ್‌ಟಿ, ಅಂಚೆ ಖರ್ಚು. ಗ್ಲಯೋಸ್ ಸಣ್ಣ ಸಣ್ಣ ಕಂತಿನಲ್ಲಿ ಬಿಡುಗಡೆಯಾಗುತ್ತದೆ, ಬೇಗ ಖಾಲಿಯಾಗುತ್ತದೆ. ಗೆಳೆಯರು ಸೇರಿ ಒಂದೇ ಪಾರ್ಸೆಲ್‌ನಲ್ಲಿ ತರಿಸಿದರೆ ಅಂಚೆ ಖರ್ಚಾದರೂ ಹಂಚಿಹೋಗುತ್ತದೆ. ಒಂದೇ ಗೊಂಬೆ ತರಿಸುವುದಕ್ಕಿಂತ ಎರಡು ತರಿಸಿ. ಒಂದರಲ್ಲಿ ಬದಲಾಯಿಸಲು ಏನೂ ಇರುವುದಿಲ್ಲ.

ಡಿಸೆಂಬರ್ ಬೆಳಗಿನ ಚಳಿಗೆ ಪಿವಿಸಿ ಗಟ್ಟಿಯಾಗುತ್ತದೆ. ಬಲವಾಗಿ ಎಳೆಯಬೇಡಿ. ಬಿಸಿನೀರಲ್ಲಿ ಒಂದು ನಿಮಿಷ ಅದ್ದಿದರೆ ಕೀಲು ಸುಲಭವಾಗಿ ಬಿಡುತ್ತದೆ. ಇಡುವಾಗ ಥರ್ಮಾಕೋಲ್‌ಗಾಗಲಿ, ಗಾಜಿನ ಹಾಗೆ ಕಾಣುವ ಗಟ್ಟಿ ಪಾಲಿಸ್ಟೈರೀನ್ ಡಬ್ಬಿಗಾಗಲಿ ತಾಗಿಸಬೇಡಿ. ಮೆತ್ತನೆಯ ಪಿವಿಸಿಯಲ್ಲಿರುವ ಎಣ್ಣೆಯಂಥ ಅಂಶ ಹೊರಬಂದು ಎರಡೂ ಅಂಟಿಕೊಳ್ಳುತ್ತವೆ. ನಾನು ಬಟರ್ ಪೇಪರ್ ಹಾಸಿದ ಸ್ಟೀಲ್ ಡಬ್ಬಿಯಲ್ಲಿ, ಬಿಸಿಲು ಬೀಳದ ಕಡೆ ಇಡುತ್ತೇನೆ.