ತಿಲಾಪಿಯಾಕ್ಕೆ ಹಾಕಿದ ಹರ್ಬಲ್ ಪುಡಿ, ಎರಡು ತಿಂಗಳ ನಂತರ

ಕಾಸರಗೋಡಿನ ಪೆರ್ಲದ ಹತ್ರ ನಮ್ಮ ತೋಟದಲ್ಲಿ ಎರಡು ಟಾರ್ಪಾಲ್ ಟ್ಯಾಂಕಿ ಉಂಟು, ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಬಿಟ್ಟು ಗಿಫ್ಟ್ ತಿಲಾಪಿಯಾ, ಅಂದ್ರೆ ಬೇಗ ಬೆಳೆಯುವ ಸುಧಾರಿತ ತಳಿಯ ಮೀನು, ಸಾಕುದು. ಫೀಡಿಗೆ ಬೆರೆಸುವ ಹರ್ಬಲ್ ಪುಡಿ ಆನ್‌ಲೈನಲ್ಲಿ ತರಿಸಿದೆ, ಕಿಲೋಗೆ 480 ರೂಪಾಯಿ, ಕಂಪೆನಿ ಹೆಸರು ಬೇಡ ಬಿಡಿ. ಬೆಳ್ಳುಳ್ಳಿ, ಅರಿಶಿನ, ಬೇವು, ಮೆಂತೆ, ನೆಲನೆಲ್ಲಿ ಅಂತ ಪ್ಯಾಕೆಟಲ್ಲಿ ಬರ್ದಿದ್ದಾರೆ, ಯಾವುದು ಎಷ್ಟು ಅಂತ ಮಾತ್ರ ಇಲ್ಲ. ಬೆಳವಣಿಗೆ ಡಬಲ್ ಅಂತ ದೊಡ್ಡಕ್ಷರದಲ್ಲಿ ಉಂಟು.

ಒಂದು ಟ್ಯಾಂಕಿಗೆ ಪುಡಿ, ಇನ್ನೊಂದಕ್ಕೆ ಬರೀ ಫೀಡ್, ನೋಡುವ ಅಂತ. ಮೊದಲ ವಾರ ಅವರು ಹೇಳಿದ ಹಾಗೆ ನೀರು ಚಿಮುಕಿಸಿ ಬೆರೆಸಿದ್ದು, ತೇಲುವ ಫೀಡ್ ನೋಡಿ, ಟ್ಯಾಂಕಿಗೆ ಬಿದ್ದದ್ದೇ ಪುಡಿಯೆಲ್ಲ ಬಿಟ್ಕೊಂಡು ನೀರು ಸಾರಿನ ಹಾಗೆ ಹಳದಿ, ಮೀನಿನ ಹೊಟ್ಟೆಗೆ ಎಷ್ಟು ಹೋಯ್ತೋ ದೇವರಿಗೇ ಗೊತ್ತು. ಆಮೇಲೆ ಅಮ್ಮ ಬಸಿದಿಟ್ಟ ಗಂಜಿತಿಳಿಯಲ್ಲಿ ಪುಡಿ ಕಲಸಿ, ಫೀಡಿಗೆ ಹಿಡಿಸಿ, ನೆರಳಲ್ಲಿ ಅರ್ಧ ಗಂಟೆ ಆರಿಸಿ, ಮೇಲಿಂದ ಚೂರು ತೆಂಗಿನೆಣ್ಣೆ ಸವರಿ ಹಾಕಿದೆ. ಅರಿಶಿನದ ಸತ್ವ ನೀರಲ್ಲಿ ಕರಗುದಿಲ್ಲ, ಎಣ್ಣೆ ಬೇಕು. ಇದನ್ನಲ್ವಾ ಮಾರಾಯ್ರೆ ಪ್ಯಾಕೆಟಲ್ಲಿ ಬರೀಬೇಕಾದ್ದು?

ಆಮೇಲೆ ತಿನ್ನುದರಲ್ಲಿ ವ್ಯತ್ಯಾಸ ಕಂಡಿತು. ಮಳೆ ಹಿಡಿದು ನೀರು ತಣ್ಣಗಾದ ದಿನ ಆಚೆ ಟ್ಯಾಂಕಿಯಲ್ಲಿ ಫೀಡ್ ಹಾಗೇ ತೇಲ್ತಾ ಇದ್ರೆ ಇಲ್ಲಿ ಪಟಪಟ ಅಂತ ಮುಗಿಸ್ತಿದ್ವು. ಬಲೆಗೆ ಉಜ್ಜಿ ಹುರುಪೆ ಕಿತ್ತ ಜಾಗದಲ್ಲಿ ಹತ್ತಿಯಂಥ ಬಿಳಿ ಬೂಸ್ಟು ಬರುದೂ ಕಮ್ಮಿ, ಆದ್ರೆ ಆಚೆಯದ್ದು ಅಡಿಕೆ ಮರದ ನೆರಳಲ್ಲಿ ಉಂಟು, ಹಾಗಾಗಿ ಪೂರಾ ಕ್ರೆಡಿಟ್ ಪುಡಿಗೆ ಕೊಡುದಿಲ್ಲ. ತೂಕ? ಹತ್ತತ್ತು ಮೀನು ತೂಗಿದ್ದು, ಸರಾಸರಿ ಇಲ್ಲಿ 170 ಗ್ರಾಂ, ಅಲ್ಲಿ 162. ಒಂದೇ ಟ್ಯಾಂಕಿಯಲ್ಲಿ 120ರದ್ದೂ 220ರದ್ದೂ ಇರುವಾಗ ಇದೇನು ಲೆಕ್ಕ, ಡಬಲ್ ಅಂತೂ ಸುಳ್ಳು.

ರೋಗ ಬಂದ ಮೇಲೆ ಇದನ್ನು ನಂಬಿ ಕೂರ್ಬೇಡಿ. ಜೋರು ಮಳೆಗೆ ಮುರಕಲ್ಲಿನ ಹುಳಿ ನೀರು ಸೇರಿ ಎರಡೂ ಟ್ಯಾಂಕಿಯ ಮೀನು ಬೆಳಿಗ್ಗೆ ಮೇಲೆ ಬಂದು ಬಾಯಿ ಬಿಡ್ತಾ ಇದ್ದಾಗ ಉಳಿಸಿದ್ದು ನೀರಿಗೆ ಗಾಳಿ ಊದುವ ಏರೇಟರೂ ಹುಳಿ ಕಮ್ಮಿ ಮಾಡುವ ಸುಣ್ಣವೂ. ಹಾಗಂತ ಯಾರೋ ಹೇಳಿದ್ರು ಅಂತ ಕ್ಲೋರಾಂಫೆನಿಕಾಲ್ ಗಿನಿಕಾಲ್ ಅಂತ ಆಂಟಿಬಯಾಟಿಕ್ ಹಾಕ್ಲಿಕ್ಕೆ ಹೋಗ್ಬೇಡಿ, ಮೀನು ಸಾಕುದರಲ್ಲಿ ಅದು ನಿಷೇಧ.

ಎರಡನೇ ಪ್ಯಾಕೆಟ್ ಬಂದದ್ದೇ ಗಂಟುಗಂಟು, ಬೂಸ್ಟಿನ ವಾಸನೆ. ಅಂಥದ್ದು ಮೀನಿನ ಲಿವರಿಗೆ ಕೇಡು. ಫೋನ್ ಮಾಡಿದ್ರೆ ಬಿಸಿಲಿಗೆ ಒಣಗಿಸಿ ಅಂದ್ರು. ಆಟಿ ತಿಂಗಳ ಜಡಿಮಳೆಯಲ್ಲಿ ಪೆರ್ಲದಲ್ಲಿ ಬಿಸಿಲು ಎಲ್ಲಿಂದ ತರುದು! ತೆಂಗಿನ ಬುಡಕ್ಕೆ ಸುರಿದೆ.

ಐದರಲ್ಲಿ ಎರಡು ಸ್ಟಾರ್. ಈಗ ಕಿಲೋ ಫೀಡಿಗೆ 10 ಗ್ರಾಂ ಬೆಳ್ಳುಳ್ಳಿ ಜಜ್ಜಿ, ಘಾಟು ಏಳುವವರೆಗೆ ಹತ್ತು ನಿಮಿಷ ಬಿಟ್ಟು, ಅದೇ ಗಂಜಿತಿಳಿಯಲ್ಲಿ ಕಲಸಿ ಹಾಕ್ತಾ ಇದ್ದೇನೆ, ತಿಳಿ ತಣಿದಿರ್ಬೇಕು, ಬಿಸಿಗೆ ಹಾಕಿದ್ರೆ ಬೆಳ್ಳುಳ್ಳಿಯ ಗುಣ ಹೋಗ್ತದೆ. ಮೀನು ಅಷ್ಟೇ ಆಸೆಯಲ್ಲಿ ತಿಂತವೆ.