ಗ್ಲಾಕೋಮಾ ಕಣ್ಣಿಗೆ ಕೊರಾಯ್ಡ್ ಸ್ಕ್ಯಾನ್: ಚಿತ್ರ ಚೆನ್ನ, ವರದಿ ಅರೆಬರೆ

ಆರು ವರ್ಷಗಳಿಂದ ಗ್ಲಾಕೋಮಾಗೆ (ಕಣ್ಣಿನಿಂದ ಮಿದುಳಿಗೆ ಹೋಗುವ ಆಪ್ಟಿಕ್ ನರ ಸೊರಗುವ ರೋಗ) ಹನಿ ಹಾಕಿಕೊಳ್ಳುತ್ತಿರುವ ನಾನು ಈ ವರ್ಷ ಬೆಂಗಳೂರಿನ ಒಂದು ಕಣ್ಣಿನ ತಪಾಸಣಾ ಕೇಂದ್ರದಲ್ಲಿ ಎರಡು ಬಾರಿ ಒಸಿಟಿ ಸ್ಕ್ಯಾನ್ (ಬೆಳಕು ಹಾಯಿಸಿ ಕಣ್ಣಿನ ಒಳಪದರಗಳ ಚಿತ್ರ ತೆಗೆಯುವ ಪರೀಕ್ಷೆ) ಮಾಡಿಸಿದೆ. ಎಂದಿನ ನರದ ಸ್ಕ್ಯಾನಿನ ಜೊತೆಗೆ 800 ರೂಪಾಯಿ ಹೆಚ್ಚು ಕೊಟ್ಟರೆ ಕೊರಾಯ್ಡನ್ನೂ ಅಳೆದುಕೊಡುವುದಾಗಿ ಹೇಳಿದ್ದರಿಂದ ಎರಡೂ ಸಲ ಅದನ್ನು ಸೇರಿಸಿಕೊಂಡೆ. ಈ ವಿಮರ್ಶೆ ಆ ಹೆಚ್ಚುವರಿ ಸೇವೆಯನ್ನು ಕುರಿತದ್ದು.

ಕೊರಾಯ್ಡ್ ಎಂಬುದು ರೆಟಿನಾದ ಹಿಂದೆ ಹಾಸಿಕೊಂಡಿರುವ ರಕ್ತನಾಳಗಳ ಪದರ. ಕಣ್ಣಿಗೆ ಬರುವ ರಕ್ತದ ಬಹುಪಾಲು ಹರಿಯುವುದು ಇದರಲ್ಲೇ. ಗ್ಲಾಕೋಮಾದಲ್ಲಿ ಆಪ್ಟಿಕ್ ನರ ಸೊರಗುವುದಕ್ಕೆ ಕಣ್ಣಿನ ಒತ್ತಡದ ಜೊತೆಗೆ ರಕ್ತಪೂರೈಕೆಯ ಕೊರತೆಯೂ ಕಾರಣವಿರಬಹುದೆಂಬ ಅನುಮಾನ ಹಳೆಯದಾದರೂ, 1991ರಲ್ಲಿ ಬಂದ ಒಸಿಟಿಯ ಬೆಳಕು ರೆಟಿನಾದ ತಳದ ಕಪ್ಪು ವರ್ಣದ ಪದರವನ್ನು ದಾಟುವಷ್ಟರಲ್ಲಿ ಮಂಕಾಗುತ್ತಿದ್ದುದರಿಂದ ಕೊರಾಯ್ಡನ್ನು ನೆಟ್ಟಗೆ ನೋಡಲು ಆಗುತ್ತಿರಲಿಲ್ಲ. ಯಂತ್ರವನ್ನು ಕಣ್ಣಿಗೆ ಇನ್ನಷ್ಟು ಹತ್ತಿರ ತಂದು ಆಳದ ಪದರಗಳನ್ನು ತಿಳಿಯಾಗಿ ಹಿಡಿಯುವ ವಿಧಾನವನ್ನು ಅಮೆರಿಕದ ಡಾ. ರಿಚರ್ಡ್ ಸ್ಪೇಡ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದರು. ಈ ಕೇಂದ್ರದಲ್ಲಿ ಬಳಸುವುದೂ ಅದನ್ನೇ.

ಸ್ಕ್ಯಾನ್ ಮಾಡುವ ರೀತಿಗೆ ಆಕ್ಷೇಪವಿಲ್ಲ. ಗಲ್ಲವನ್ನು ಆನಿಸಿ ಹಸಿರು ಗುರುತನ್ನೇ ನೋಡುತ್ತಿರುವಾಗ ತಂತ್ರಜ್ಞೆ ಆತುರಪಡಿಸಲಿಲ್ಲ. ರೆಪ್ಪೆ ಬಡಿದು ಹಾಳಾದ ಚಿತ್ರವನ್ನು ತಾವಾಗಿಯೇ ಮತ್ತೆ ತೆಗೆದರು. ಆಮೇಲೆ ಪರದೆಯನ್ನು ನನ್ನತ್ತ ತಿರುಗಿಸಿದಾಗ ತಿಳಿದದ್ದೇನೆಂದರೆ, ಕೊರಾಯ್ಡಿನ ಕೆಳಗಿನ ಅಂಚಿನ ಗೆರೆಯನ್ನು ಅಲ್ಲಿ ಕೈಯಿಂದ ಎಳೆಯುತ್ತಾರೆ. ಎರಡನೆಯ ಭೇಟಿಯಲ್ಲಿ ಮೊದಲ ಗೆರೆಗೆ ಕೊರಾಯ್ಡಿನ ದಪ್ಪ 254 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಬಂತು. ಅದನ್ನು ಅಳಿಸಿ ಕೂದಲೆಳೆಯಷ್ಟು ಮೇಲೆ ಎಳೆದಾಗ 241 ಆಯಿತು. ವರದಿಗೆ ಹೋದದ್ದು 241.

ಹಿಂದಿನ ಸಲದ ಅಳತೆ 268 ಇದ್ದುದರಿಂದ, ‘ಕೊರಾಯ್ಡ್ 27 ಮೈಕ್ರಾನ್ ತೆಳುವಾಗಿದೆ’ ಎಂದು ಕೆಂಪು ಅಕ್ಷರದಲ್ಲಿ ಅಚ್ಚಾಗಿತ್ತು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಗ್ಲಾಕೋಮಾ ವೈದ್ಯರಿಗೆ ತೋರಿಸಿದಾಗ ಅವರು ಕೇಳಿದ್ದು ಒಂದೇ ಮಾತು: “ಎರಡನೆಯದನ್ನು ಎಷ್ಟು ಹೊತ್ತಿಗೆ ಮಾಡಿಸಿದಿರಿ?” ಮೊದಲನೆಯದು ಬೆಳಿಗ್ಗೆ ಒಂಬತ್ತಕ್ಕೆ, ಎರಡನೆಯದು ಸಂಜೆ ಐದೂವರೆಗೆ. ಕೊರಾಯ್ಡ್ ಬೆಳಗಿನ ಹೊತ್ತು ದಪ್ಪವಾಗಿದ್ದು ಸಂಜೆಯ ಹೊತ್ತಿಗೆ ತೆಳುವಾಗುವುದು ಸಹಜ. ಆರೋಗ್ಯವಂತರ ಕಣ್ಣಿನಲ್ಲೂ ಇಪ್ಪತ್ತು ಮೂವತ್ತು ಮೈಕ್ರಾನಿನ ಏರಿಳಿತ ಇರುತ್ತದೆ. ವಯಸ್ಸು, ಹೆಚ್ಚಿನ ಮೈನಸ್ ಪವರ್, ಕಾಫಿ ಕೂಡ ಅದನ್ನು ತೆಳುವಾಗಿಸುತ್ತವೆ. (ನಾನು ಕಾಫಿ ಮುಗಿಸಿಯೇ ಹೋಗಿದ್ದೆ.) ಸ್ಕ್ಯಾನ್ ಮಾಡಿದ ಹೊತ್ತು ವರದಿಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಇತ್ತಾದರೂ, ಹೋಲಿಸಿದವರು ಅದನ್ನು ಗಮನಿಸಿರಲಿಲ್ಲ. ವೈದ್ಯರು ನರತಂತುಗಳ ಪುಟವನ್ನೂ ಫೀಲ್ಡ್ ಟೆಸ್ಟನ್ನೂ (ನೋಟದ ವ್ಯಾಪ್ತಿಯ ಪರೀಕ್ಷೆ) ನೋಡಿ, ಎರಡೂ ಮೊದಲಿನಂತೆಯೇ ಇವೆಯೆಂದು ಅದೇ ಹನಿಯನ್ನು ಮುಂದುವರಿಸಿದರು.

ಕೊರಾಯ್ಡಿನ ಅಧ್ಯಯನವೇ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಗ್ಲಾಕೋಮಾ ಇರುವವರ ಮತ್ತು ಇಲ್ಲದವರ ಕೊರಾಯ್ಡಿನ ದಪ್ಪವನ್ನು ಹೋಲಿಸಿದ ಅಧ್ಯಯನಗಳು ಒಂದೇ ಮಾತು ಹೇಳದಿದ್ದರೂ, ರಕ್ತನಾಳಗಳನ್ನು ತೋರಿಸುವ ಒಸಿಟಿ ಆಂಜಿಯೋಗ್ರಫಿಯಲ್ಲಿ ನರದ ಪಕ್ಕದ ಸೂಕ್ಷ್ಮ ನಾಳಗಳು ಕಾಣೆಯಾಗಿರುವ ಜಾಗಗಳು ರೋಗ ಮುಂದುವರಿಯುವುದರ ಜೊತೆ ನಂಟು ತೋರಿಸಿವೆ. ಸಂಶೋಧನೆಗೆ ಅದು ಒಳ್ಳೆಯ ದಾರಿ. ಆದರೆ ಒಂದೇ ಸಂಖ್ಯೆಯನ್ನು ಕೆಂಪಿನಲ್ಲಿ ಅಚ್ಚುಹಾಕಿ ರೋಗಿಯ ಕೈಗೆ ಕೊಡುವುದು ಸೇವೆಯಲ್ಲ.

ಐದರಲ್ಲಿ ಮೂರು ಅಂಕ, ಅದೂ ತಂತ್ರಜ್ಞೆಯ ತಾಳ್ಮೆಗೆ. ಮುಂದಿನ ನರದ ಸ್ಕ್ಯಾನನ್ನು ಅಲ್ಲೇ, ಅದೇ ಯಂತ್ರದಲ್ಲಿ ಮಾಡಿಸುತ್ತೇನೆ; ಕೊರಾಯ್ಡಿನ 800 ರೂಪಾಯಿ ಹನಿಯ ಬಾಟಲಿಗೆ ಆಗುತ್ತದೆ.